ಟರ್ಕಿಯ ವಿರೋಧ ಪಕ್ಷ ಜೈಲಿನಲ್ಲಿರುವವರನ್ನೇ ಅಭ್ಯರ್ಥಿ ಮಾಡಿದ್ದೇಕೆ?

2025ರ ಮಾರ್ಚ್ 18ರಂದು ಇಸ್ತಾಂಬುಲ್ ವಿಶ್ವವಿದ್ಯಾಲಯ ತನ್ನ ಒಬ್ಬ ಹಳೆಯ ವಿದ್ಯಾರ್ಥಿಯ ಪದವಿಯನ್ನು ರದ್ದು ಮಾಡಿತು. ಅವರು ಓದು ಮುಗಿಸಿ ಮೂವತ್ತು ವರ್ಷವಾಗಿತ್ತು. ಮರುದಿನ ಬೆಳಗಿನ ಜಾವ ಪೊಲೀಸರು ಅವರ ಮನೆ ಬಾಗಿಲಿಗೆ ಬಂದರು. ಮಾರ್ಚ್ 23ರಂದು ನ್ಯಾಯಾಲಯ ಅವರನ್ನು ಜೈಲಿಗೆ ಕಳಿಸಿತು. ಅದೇ ದಿನ ದೇಶದ ಮುಖ್ಯ ವಿರೋಧ ಪಕ್ಷ ಸಿ.ಎಚ್.ಪಿ. ಅವರನ್ನೇ ಅಧ್ಯಕ್ಷ ಸ್ಥಾನಕ್ಕೆ ತನ್ನ ಅಭ್ಯರ್ಥಿಯಾಗಿ ಆರಿಸಿತು.

ಅವರು ಎಕ್ರೆಮ್ ಇಮಾಮೊಗ್ಲು, ಆಗ ಇಸ್ತಾಂಬುಲ್ ಮೇಯರ್. ಟರ್ಕಿಯ ಸುದ್ದಿ ಓದುವವರಿಗೆ ಇಲ್ಲಿ ಗೊಂದಲವಾಗುವುದು ಸಹಜ. ಅಧ್ಯಕ್ಷ ಚುನಾವಣೆ ಇರುವುದು 2028ಕ್ಕೆ. ಇಷ್ಟು ಬೇಗ ಅಭ್ಯರ್ಥಿ ಯಾಕೆ? ಜೈಲಿಗೆ ಹಾಕುವುದೇ ಇದ್ದರೆ ಅದಕ್ಕೆ ಮುಂಚೆ ಪದವಿ ಯಾಕೆ ಕಿತ್ತುಕೊಳ್ಳಬೇಕಿತ್ತು? 2023ರಲ್ಲಿ ಆರು ಪಕ್ಷಗಳು ಒಂದಾಗಿ ಒಬ್ಬರನ್ನು ನಿಲ್ಲಿಸಿ ಸೋತಿದ್ದವಲ್ಲ, ಮತ್ತೆ ಅದೇ ದಾರಿ ಯಾಕೆ?

ಉತ್ತರ ಬೇಕಾದರೆ ಹತ್ತು ವರ್ಷ ಹಿಂದಿನಿಂದ ಶುರು ಮಾಡಬೇಕು.

ಇಡೀ ದೇಶವೇ ಒಂದು ಕ್ಷೇತ್ರ

ವಿರೋಧ ಪಕ್ಷಗಳ ಒಗ್ಗಟ್ಟು ಅಂದರೆ ನಮಗೆ ಮೊದಲು ನೆನಪಾಗುವುದು ಸೀಟು ಹಂಚಿಕೆ. ಈ ಕ್ಷೇತ್ರ ನಿಮಗೆ, ಆ ಕ್ಷೇತ್ರ ನಮಗೆ, ಪ್ರಧಾನಿ ಯಾರು ಅಂತ ಆಮೇಲೆ ನೋಡೋಣ. 1977ರಲ್ಲಿ ಇಂದಿರಾ ಗಾಂಧಿ ವಿರುದ್ಧ ಒಂದಾದವರೂ ಪ್ರಧಾನಿ ಹೆಸರನ್ನು ತೀರ್ಮಾನಿಸಿದ್ದು ಫಲಿತಾಂಶ ಬಂದ ಮೇಲೆಯೇ. ಟರ್ಕಿಯಲ್ಲಿ ಹಾಗೆ ಮುಂದಕ್ಕೆ ಹಾಕಲು ಆಗುವುದಿಲ್ಲ.

2017ರ ಏಪ್ರಿಲ್ 16ರಂದು ಅಲ್ಲಿ ಜನಮತಗಣನೆ ನಡೆಯಿತು. ಶೇ 51.4ರಷ್ಟು ಜನ 'ಹೌದು' ಎಂದರು. ಪ್ರಧಾನಿ ಹುದ್ದೆಯೇ ಹೋಯಿತು. ಸಚಿವರನ್ನು ನೇಮಿಸುವುದು, ಆದೇಶ ಹೊರಡಿಸಿ ಆಳುವುದು, ನ್ಯಾಯಾಧೀಶರ ನೇಮಕ ನೋಡಿಕೊಳ್ಳುವ ಮಂಡಳಿಯಲ್ಲಿ ತನ್ನವರನ್ನು ಕೂರಿಸುವುದು ಎಲ್ಲವೂ ಅಧ್ಯಕ್ಷರ ಕೈಗೆ ಬಂತು. ಅಂಥ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುತ್ತಾರೆ. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟು ಸಿಗದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು.

ಈ ನಿಯಮದಿಂದ ಒಂದು ವಿಚಿತ್ರ ಆಯಿತು. ಅಧಿಕಾರವನ್ನೆಲ್ಲ ಒಬ್ಬರ ಕೈಗೆ ಕೊಟ್ಟ ವ್ಯವಸ್ಥೆಯೇ ವಿರೋಧಿಗಳನ್ನೆಲ್ಲ ಒಬ್ಬರ ಹಿಂದೆ ನಿಲ್ಲುವಂತೆ ಮಾಡಿತು. ಶೇ 25ರಷ್ಟು ಮತ ಇರುವ ಪಕ್ಷ ಒಂಟಿಯಾಗಿ ಏನೂ ಮಾಡಲಾಗದು. ಅಧ್ಯಕ್ಷ ಎರ್ಡೊಗನ್ ಅವರಿಗೂ ಅಷ್ಟೇ, ತಮ್ಮ ಎ.ಕೆ. ಪಕ್ಷದ ಮತ ಸಾಲದೆ ರಾಷ್ಟ್ರವಾದಿ ಎಂ.ಎಚ್.ಪಿ.ಯನ್ನು ಜೊತೆಗೆ ಇಟ್ಟುಕೊಳ್ಳಬೇಕಾಯಿತು.

ಮೊದಲ ಸುತ್ತಿನಲ್ಲಿ ಎಲ್ಲರೂ ಬೇರೆ ಬೇರೆ ನಿಂತು ಎರಡನೇ ಸುತ್ತಿನಲ್ಲಿ ಒಂದಾಗಬಹುದಲ್ವಾ? 2018ರಲ್ಲಿ ಅದನ್ನೂ ಮಾಡಿ ನೋಡಿದರು. ಸಿ.ಎಚ್.ಪಿ.ಯ ಮುಹರ್ರೆಮ್ ಇಂಜೆಗೆ ಶೇ 30.6, ಅಲ್ಪಸಂಖ್ಯಾತ ಕುರ್ದಿಶ್ ಜನರ ನಾಯಕ ಸೆಲಾಹತ್ತಿನ್ ದೆಮಿರ್ತಾಶ್‌ಗೆ ಶೇ 8.4, ರಾಷ್ಟ್ರವಾದಿ ನಾಯಕಿ ಮೆರಾಲ್ ಅಕ್ಷೆನರ್‌ಗೆ ಶೇ 7.3 ಮತ ಬಂತು. ಎರ್ಡೊಗನ್‌ಗೆ ಶೇ 52.6. ಎರಡನೇ ಸುತ್ತು ಬರಲೇ ಇಲ್ಲ.

ಆ ಚುನಾವಣೆಯ ಇನ್ನೊಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ದೆಮಿರ್ತಾಶ್ ಸ್ಪರ್ಧಿಸಿದ್ದು ಎದಿರ್ನೆ ಜೈಲಿನಿಂದ. ವಿಚಾರಣೆಯಲ್ಲಿರುವ ಕೈದಿ ಅಭ್ಯರ್ಥಿಯಾಗುವುದಕ್ಕೆ ಟರ್ಕಿಯ ಕಾನೂನಿನಲ್ಲಿ ಅಡ್ಡಿಯಿಲ್ಲ.

ಒಂದೇ ಮೇಜಿಗೆ ಕೂರದವರು

ಲೆಕ್ಕದಲ್ಲಿ ಎಲ್ಲ ವಿರೋಧಿಗಳ ಮತ ಕೂಡಿಸಿದರೆ ಅರ್ಧದ ಹತ್ತಿರ ಬರುತ್ತದೆ. ಆದರೆ ಮತಗಳು ಅಂಕಿಗಳ ಹಾಗೆ ಸುಮ್ನೆ ಕೂಡಿಕೊಳ್ಳುವುದಿಲ್ಲ.

ಸಿ.ಎಚ್.ಪಿ. ಆಧುನಿಕ ಟರ್ಕಿಯ ಸ್ಥಾಪಕ ಅತಾತುರ್ಕ್ ಕಟ್ಟಿದ ಪಕ್ಷ. ಧರ್ಮವನ್ನು ಸರ್ಕಾರದಿಂದ ದೂರ ಇಡಬೇಕು ಅನ್ನುವುದು ಅದರ ಮೂಲ ನಂಬಿಕೆ. ಆದರೆ ತಲೆವಸ್ತ್ರ ಧರಿಸಿದ್ದಕ್ಕೆ ಕಾಲೇಜಿನ ಬಾಗಿಲಲ್ಲೇ ತಡೆಯಲ್ಪಟ್ಟ ಹೆಣ್ಣುಮಕ್ಕಳ ಮನೆಗಳಲ್ಲಿ ಆ ಪಕ್ಷದ ಹೆಸರು ಕೇಳಿದರೆ ಇವತ್ತಿಗೂ ಹಳೆಯ ಗಾಯ ನೋಯುತ್ತದೆ. ಅಕ್ಷೆನರ್ ಕಟ್ಟಿದ ಇಯಿ ಪಕ್ಷ ಎಂ.ಎಚ್.ಪಿ.ಯಿಂದ ಒಡೆದು ಬಂದ ರಾಷ್ಟ್ರವಾದಿಗಳದ್ದು. ಕುರ್ದಿಶ್ ಪಕ್ಷದ ಹೆಸರೆತ್ತಿದರೇ ಅವರಿಗೆ ಆಗುವುದಿಲ್ಲ. ಆದರೆ ಶೇ 10ರಷ್ಟು ಕುರ್ದಿಶ್ ಮತ ಇಲ್ಲದೆ ಯಾವ ಲೆಕ್ಕವೂ ಅರ್ಧ ದಾಟುವುದಿಲ್ಲ.

ಕುರ್ದರ ಕಡೆಗೂ ನೋವಿದೆ, ಅದಕ್ಕೆ ಕಾರಣವೂ ಇದೆ. 2016ರಲ್ಲಿ ಸಂಸದರ ಕಾನೂನು ರಕ್ಷಣೆ ತೆಗೆಯುವ ಮಸೂದೆ ಬಂದಾಗ, ಇದು ಸಂವಿಧಾನಕ್ಕೆ ವಿರುದ್ಧ ಎಂದು ಒಪ್ಪಿಕೊಂಡೇ ಸಿ.ಎಚ್.ಪಿ. ನಾಯಕ ಕೆಮಾಲ್ ಕಿಲಿಚ್‌ದಾರೊಗ್ಲು ಬೆಂಬಲ ಕೊಟ್ಟರು. ಕೆಲವೇ ತಿಂಗಳಲ್ಲಿ ದೆಮಿರ್ತಾಶ್ ಜೈಲು ಸೇರಿದರು. ಅವರನ್ನು ಬಿಡಬೇಕೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದರೂ ಬಾಗಿಲು ತೆರೆಯಲಿಲ್ಲ. ಕುರ್ದಿಶ್ ಪ್ರದೇಶಗಳಲ್ಲಿ ಗೆದ್ದ ಮೇಯರ್‌ಗಳನ್ನು ತೆಗೆದು ಸರ್ಕಾರ ತನ್ನ ಆಡಳಿತಾಧಿಕಾರಿಗಳನ್ನು ಕೂರಿಸಿತು. ಆಗ ಟರ್ಕಿಯ ಪಶ್ಚಿಮದ ಊರುಗಳಲ್ಲಿ ದೊಡ್ಡ ಸದ್ದೇನೂ ಏಳಲಿಲ್ಲ. ಇವತ್ತು ಇಸ್ತಾಂಬುಲ್‌ನಲ್ಲಿ ನಡೆಯುತ್ತಿರುವುದರ ಪಾಠವನ್ನು ಕುರ್ದರ ದೊಡ್ಡ ಊರಾದ ದಿಯಾರ್‌ಬಕಿರ್ ಹತ್ತು ವರ್ಷ ಮೊದಲೇ ಕಲಿತಿತ್ತು.

ಇಷ್ಟಾದರೂ 2019ರಲ್ಲಿ ಒಂದು ಬಾಗಿಲು ತೆರೆಯಿತು. ಇಸ್ತಾಂಬುಲ್ ಮೇಯರ್ ಚುನಾವಣೆಗೆ ಸಿ.ಎಚ್.ಪಿ. ಮತ್ತು ಇಯಿ ಸೇರಿ ಇಮಾಮೊಗ್ಲು ಅವರನ್ನು ನಿಲ್ಲಿಸಿದವು. ಆಗ ಅವರ ಹೆಸರು ಅಷ್ಟಾಗಿ ಯಾರಿಗೂ ಗೊತ್ತಿರಲಿಲ್ಲ. ಕುರ್ದಿಶ್ ಪಕ್ಷ ಯಾವ ಒಪ್ಪಂದವೂ ಇಲ್ಲದೆ ಅಲ್ಲಿ ತನ್ನ ಅಭ್ಯರ್ಥಿಯನ್ನೇ ಹಾಕಲಿಲ್ಲ. ಗೆಲುವಿನ ಅಂತರ ಸುಮಾರು 13 ಸಾವಿರ ಮತ. ಚುನಾವಣಾ ಮಂಡಳಿ ಫಲಿತಾಂಶ ರದ್ದು ಮಾಡಿತು. ಜೂನ್ 23ರಂದು ಮತ್ತೆ ಮತದಾನ ನಡೆದಾಗ ಅಂತರ ಸುಮಾರು 8 ಲಕ್ಷಕ್ಕೆ ಏರಿತು. ಮೊದಲ ಸಲ ಎ.ಕೆ. ಪಕ್ಷಕ್ಕೆ ಹಾಕಿದ್ದವರೂ ಎರಡನೇ ಸಲ ಈ ಕಡೆ ಬಂದರು. ತಮ್ಮ ಮತವನ್ನು ಕಿತ್ತುಕೊಂಡರು ಅನ್ನುವ ಸಿಟ್ಟು ಪಕ್ಷದ ಬೇಲಿ ದಾಟುತ್ತದೆ.

ಆರು ಜನರ ಮೇಜು

ಆ ಗೆಲುವು ನೋಡಿ ಎಲ್ಲರಿಗೂ ಆಸೆ ಬಂತು. 2022ರ ಫೆಬ್ರವರಿಯಲ್ಲಿ ಆರು ಪಕ್ಷಗಳ ನಾಯಕರು ಒಂದು ಮೇಜಿನ ಸುತ್ತ ಕೂತರು. ಸಿ.ಎಚ್.ಪಿ., ಇಯಿ, ಧಾರ್ಮಿಕ ಒಲವಿನ ಸಾದೆತ್, ಹಳೆಯ ಡೆಮಾಕ್ರಟ್ ಪಕ್ಷ. ಜೊತೆಗೆ ಎರ್ಡೊಗನ್ ಅವರ ಸಂಪುಟದಲ್ಲೇ ಇದ್ದು ಹೊರಬಂದ ಅಲಿ ಬಾಬಜಾನ್ ಮತ್ತು ಮಾಜಿ ಪ್ರಧಾನಿ ಅಹ್ಮೆತ್ ದಾವುತೊಗ್ಲು ಅವರ ಹೊಸ ಪಕ್ಷಗಳು. ಜನ ಇದನ್ನು 'ಆರರ ಮೇಜು' ಎಂದೇ ಕರೆದರು. ಕುರ್ದಿಶ್ ಪಕ್ಷಕ್ಕೆ ಆ ಮೇಜಿನಲ್ಲಿ ಕುರ್ಚಿ ಇರಲಿಲ್ಲ.

ಅವರು ಒಳ್ಳೆಯ ಕೆಲಸ ಮಾಡಲಿಲ್ಲ ಅಂತ ಹೇಳಲಾಗದು. ಸಂಸದೀಯ ವ್ಯವಸ್ಥೆಗೆ ಮರಳುವುದು ಹೇಗೆ, ಕೇಂದ್ರ ಬ್ಯಾಂಕಿಗೆ ಸ್ವಾತಂತ್ರ್ಯ ಕೊಡುವುದು ಹೇಗೆ ಎಂದು ಪುಟಗಟ್ಟಲೆ ಬರೆದರು. ಆದರೆ ಜನ ಕೇಳುತ್ತಿದ್ದ ಒಂದೇ ಪ್ರಶ್ನೆಯನ್ನು ಒಂದು ವರ್ಷ ಮುಂದೂಡಿದರು. ಯಾರು ನಿಲ್ಲುತ್ತಾರೆ?

ಕಿಲಿಚ್‌ದಾರೊಗ್ಲು ತಾವೇ ನಿಲ್ಲಬೇಕೆಂದಿದ್ದರು. ಆಗ ಅವರಿಗೆ 74 ವರ್ಷ. ಪ್ರಾಮಾಣಿಕ, ಮೃದು ಮಾತಿನ ಮನುಷ್ಯ. 2010ರಿಂದ ಪಕ್ಷ ನಡೆಸುತ್ತಿದ್ದರು, ಎರ್ಡೊಗನ್ ಎದುರು ಒಂದಾದ ಮೇಲೊಂದು ಚುನಾವಣೆ ಸೋತಿದ್ದರು. ಗೆಲ್ಲುವ ಸಾಧ್ಯತೆ ಜಾಸ್ತಿ ಇರುವುದು ಇಮಾಮೊಗ್ಲು ಅಥವಾ ಅಂಕಾರಾ ಮೇಯರ್ ಮನ್ಸೂರ್ ಯವಾಶ್ ಅವರಿಗೆ ಎಂಬುದು ಅಕ್ಷೆನರ್ ವಾದ. ಅಷ್ಟರಲ್ಲಿ ಇಮಾಮೊಗ್ಲು ಮೇಲೆ ಇನ್ನೊಂದು ತೂಗುಕತ್ತಿ ಬಂತು. 2022ರ ಡಿಸೆಂಬರ್‌ನಲ್ಲಿ, ಚುನಾವಣಾ ಅಧಿಕಾರಿಗಳನ್ನು 'ಮೂರ್ಖರು' ಎಂದು ಅವಮಾನಿಸಿದ ಆರೋಪದಲ್ಲಿ ಕೆಳ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷಕ್ಕೂ ಹೆಚ್ಚಿನ ಜೈಲು ಮತ್ತು ರಾಜಕೀಯ ನಿಷೇಧ ವಿಧಿಸಿತು. ಮೇಲ್ಮನವಿ ಬಾಕಿ ಇತ್ತು. ಅವರನ್ನು ನಿಲ್ಲಿಸಿ, ಚುನಾವಣೆಗೆ ಮುಂಚೆ ಶಿಕ್ಷೆ ಖಚಿತವಾದರೆ?

2023ರ ಫೆಬ್ರವರಿ 6ರಂದು ಭೂಕಂಪ. ಟರ್ಕಿಯಲ್ಲೇ 50 ಸಾವಿರಕ್ಕಿಂತ ಹೆಚ್ಚು ಜನ ಸತ್ತರು. ಅದಾಗಿ ತಿಂಗಳೂ ಕಳೆದಿರಲಿಲ್ಲ, ಮಾರ್ಚ್ 3ರಂದು ಅಕ್ಷೆನರ್ ಮೇಜು ಬಿಟ್ಟು ಎದ್ದರು. ಮಾರ್ಚ್ 6ರಂದು ವಾಪಸ್ ಬಂದರು. ಕಿಲಿಚ್‌ದಾರೊಗ್ಲು ಅಭ್ಯರ್ಥಿ, ಉಳಿದ ಐದು ನಾಯಕರು ಉಪಾಧ್ಯಕ್ಷರು, ಇಬ್ಬರು ಮೇಯರ್‌ಗಳೂ ಉಪಾಧ್ಯಕ್ಷರಾಗಬಹುದು ಎಂದು ರಾಜಿಯಾಯಿತು. ಒಬ್ಬ ಅಧ್ಯಕ್ಷ, ಏಳು ಉಪಾಧ್ಯಕ್ಷರು!

ನನ್ನ ಅನಿಸಿಕೆಯಲ್ಲಿ 2023ರ ಸೋಲಿನ ಬೀಜ ಇಲ್ಲೇ ಇದೆ. ನಾಯಕರು ಒಬ್ಬರನ್ನೊಬ್ಬರು ಒಪ್ಪಿಸಿದರು. ಯಾರು ಬೇಕು ಅಂತ ಮತದಾರರನ್ನು ಕೇಳಲಿಲ್ಲ. ಆ ಮೂರು ದಿನದ ಜಗಳವನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಭೂಕಂಪದಲ್ಲಿ ಮನೆ ಕಳೆದುಕೊಂಡು ಮಲಾತ್ಯಾದಲ್ಲೋ ಹತಾಯ್‌ನಲ್ಲೋ ಡೇರೆಯಲ್ಲಿ ಕೂತವರಿಗೆ ಒಂದು ಅನುಮಾನ ಬಂದೇ ಬಂದಿರುತ್ತದೆ: ಒಂದು ಹೆಸರಿಗೆ ಇಷ್ಟು ಕಿತ್ತಾಡುವವರು ನಮಗೆ ಮನೆ ಕಟ್ಟಿಕೊಡುತ್ತಾರಾ?

ಅಡುಗೆಮನೆಯ ಈರುಳ್ಳಿ

ಕಿಲಿಚ್‌ದಾರೊಗ್ಲು ಪ್ರಚಾರದ ಬಹುಪಾಲು ನಡೆದದ್ದು ಅವರ ಮನೆಯ ಅಡುಗೆಮನೆಯಿಂದ. ಹಳೆಯ ಕಪಾಟು, ಪಕ್ಕದಲ್ಲಿ ಸಿಂಕು, ಬಿಳಿ ಅಂಗಿಯ ತೋಳು ಮಡಚಿಕೊಂಡ ಅಜ್ಜ. ಒಂದು ವಿಡಿಯೊದಲ್ಲಿ ಅವರು ಕೈಯಲ್ಲಿ ಒಂದು ಈರುಳ್ಳಿ ಹಿಡಿದುಕೊಂಡು, ಇವತ್ತು ಕಿಲೋ 30 ಲಿರಾ, ಎರ್ಡೊಗನ್ ಮತ್ತೆ ಬಂದರೆ 100 ಲಿರಾ ಆಗುತ್ತದೆ ಎಂದರು. ಈರುಳ್ಳಿ ಬೆಲೆ ಸರ್ಕಾರವನ್ನು ಅಲುಗಾಡಿಸುವುದು ಭಾರತದ ನಮಗೆ ಹೊಸದೇನಲ್ಲ. 2022ರ ಅಕ್ಟೋಬರ್‌ನಲ್ಲಿ ಟರ್ಕಿಯ ಹಣದುಬ್ಬರ ಸರ್ಕಾರಿ ಲೆಕ್ಕದಲ್ಲೇ ಶೇ 85 ದಾಟಿತ್ತು.

ಇನ್ನೊಂದು ವಿಡಿಯೊದಲ್ಲಿ ಅವರು ತಾವು ಅಲೆವಿ ಪಂಗಡದವರು ಎಂದು ನೇರವಾಗಿ ಹೇಳಿಕೊಂಡರು. ಸುನ್ನಿ ಬಹುಸಂಖ್ಯಾತರ ದೇಶದಲ್ಲಿ ಅಲೆವಿಗಳು ತಲೆಮಾರುಗಳ ಕಾಲ ಗುರುತು ಮುಚ್ಚಿಟ್ಟು ಬದುಕಿದವರು. ಅಧ್ಯಕ್ಷ ಅಭ್ಯರ್ಥಿಯೊಬ್ಬರು ಅದನ್ನು ಬಾಯಿಬಿಟ್ಟು ಹೇಳಿದ್ದು ನಿಜವಾದ ಧೈರ್ಯ.

ಆದರೆ ಈ ವಿಡಿಯೊಗಳು ಫೋನಿನಲ್ಲಿ ನೋಡುವವರನ್ನು ಮುಟ್ಟಿದವು. ಹಳ್ಳಿಯ ಚಹಾ ಅಂಗಡಿಯಲ್ಲಿ ಓಡುತ್ತಿದ್ದದ್ದು ಟಿ.ವಿ.ಯೇ. ಪ್ರಸಾರ ನಿಯಂತ್ರಣ ಮಂಡಳಿಯಲ್ಲಿದ್ದ ವಿರೋಧ ಪಕ್ಷದ ಸದಸ್ಯರು ಕೊಟ್ಟ ಲೆಕ್ಕದ ಪ್ರಕಾರ, ಏಪ್ರಿಲ್ ತಿಂಗಳಲ್ಲಿ ಸರ್ಕಾರಿ ವಾಹಿನಿ ಎರ್ಡೊಗನ್‌ಗೆ ಕೊಟ್ಟದ್ದು 32 ಗಂಟೆ. ಕಿಲಿಚ್‌ದಾರೊಗ್ಲುಗೆ ಸಿಕ್ಕಿದ್ದು 32 ನಿಮಿಷ. ಕುರ್ದಿಶ್ ಪಕ್ಷ ಹೊರಗಿನಿಂದ ಅವರಿಗೆ ಬೆಂಬಲ ಘೋಷಿಸಿದ್ದೇ ತಡ, ಎರ್ಡೊಗನ್ ತಮ್ಮ ಸಭೆಯಲ್ಲಿ ಒಂದು ವಿಡಿಯೊ ತೋರಿಸಿದರು. ಅದರಲ್ಲಿ ಕಿಲಿಚ್‌ದಾರೊಗ್ಲು ಪ್ರಚಾರದ ಜೊತೆ ಕುರ್ದಿಶ್ ಸಶಸ್ತ್ರ ಸಂಘಟನೆ ಪಿ.ಕೆ.ಕೆ.ಯ ಬಂಡುಕೋರರ ಕಮಾಂಡರ್ ಕಾಣಿಸುತ್ತಿದ್ದ. ಅದು ಜೋಡಿಸಿದ ವಿಡಿಯೊ. ಆಮೇಲೆ ಎರ್ಡೊಗನ್ ಅವರೇ ಅದನ್ನು ಒಪ್ಪಿಕೊಂಡರು, ಆದರೆ ಅಷ್ಟು ಹೊತ್ತಿಗೆ ಅದು ಮಾಡಬೇಕಾದ ಕೆಲಸ ಮಾಡಿತ್ತು.

ಮೇ 14ರ ಮೊದಲ ಸುತ್ತಿನಲ್ಲಿ ಎರ್ಡೊಗನ್‌ಗೆ ಶೇ 49.5, ಕಿಲಿಚ್‌ದಾರೊಗ್ಲುಗೆ ಶೇ 44.9. ಮೂರನೆಯವರಾಗಿ ನಿಂತ ರಾಷ್ಟ್ರವಾದಿ ಸಿನಾನ್ ಓಗಾನ್‌ಗೆ ಶೇ 5.2. ಆ ಶೇ 5ಕ್ಕಾಗಿ ಕಿಲಿಚ್‌ದಾರೊಗ್ಲು ಎರಡು ವಾರದಲ್ಲಿ ಧಾಟಿ ಬದಲಿಸಿದರು. ಅಡುಗೆಮನೆಯ ಮೃದು ಮಾತು ಹೋಗಿ ಸಿರಿಯಾ ನಿರಾಶ್ರಿತರನ್ನು ಹೊರಹಾಕುವ ಗುಡುಗು ಬಂತು. ಓಗಾನ್ ಎರ್ಡೊಗನ್ ಕಡೆ ಹೋದರು. ಮೇ 28ರ ಫಲಿತಾಂಶ ಶೇ 52.2 ಮತ್ತು ಶೇ 47.8.

ಸೋಲಿಗೆ ಕಾರಣ ಏನು ಎಂಬ ಬಗ್ಗೆ ಟರ್ಕಿಯಲ್ಲಿ ಇನ್ನೂ ಎರಡು ಅಭಿಪ್ರಾಯ ಇದೆ. ಮೈದಾನವೇ ಸಮ ಇರಲಿಲ್ಲ, ಯಾರು ನಿಂತಿದ್ದರೂ ಸೋಲುತ್ತಿದ್ದರು ಎಂಬುದು ಒಂದು. ಅಂಥ ಮೈದಾನದಲ್ಲೂ ಶೇ 48ರ ತನಕ ಬಂದಿರುವಾಗ ಬೇರೆ ಅಭ್ಯರ್ಥಿ ಗೆಲ್ಲುತ್ತಿದ್ದರು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದರೆ ಮುಂದಿನ ವರ್ಷ ಆದದ್ದು ಎರಡನೆಯ ವಾದಕ್ಕೆ ಬಲ ಕೊಟ್ಟಿತು.

ಮೇಜು ಮುರಿದ ಮೇಲೆ ಬಂದ ಗೆಲುವು

ಸೋತ ಮೇಲೆ ಮೈತ್ರಿ ಚೂರಾಯಿತು. ಸಿ.ಎಚ್.ಪಿ. ಪಟ್ಟಿಯಲ್ಲಿ ಗೆದ್ದಿದ್ದ ಸಣ್ಣ ಪಕ್ಷಗಳ ಮೂವತ್ತಕ್ಕೂ ಹೆಚ್ಚು ಸಂಸದರು ತಮ್ಮ ತಮ್ಮ ಪಕ್ಷಕ್ಕೆ ಹೋದರು. 2023ರ ನವೆಂಬರ್‌ನಲ್ಲಿ ಪಕ್ಷದ ಸಮಾವೇಶ ಕಿಲಿಚ್‌ದಾರೊಗ್ಲು ಅವರನ್ನು ಇಳಿಸಿ ಓಜ್ಗುರ್ ಓಜೆಲ್ ಅವರನ್ನು ಆರಿಸಿತು. 2024ರ ಮಾರ್ಚ್ 31ರ ಸ್ಥಳೀಯ ಚುನಾವಣೆಗೆ ಇಯಿ ತನ್ನದೇ ಅಭ್ಯರ್ಥಿ ಹಾಕಿತು. ಕುರ್ದಿಶ್ ಪಕ್ಷವೂ ಈ ಸಲ ಇಸ್ತಾಂಬುಲ್‌ನಲ್ಲಿ ಅಭ್ಯರ್ಥಿ ನಿಲ್ಲಿಸಿತು. ಇನ್ನೇನು, ಮುಗಿಯಿತು ಎಂದುಕೊಂಡವರೇ ಹೆಚ್ಚು.

ಸಿ.ಎಚ್.ಪಿ.ಗೆ ದೇಶದಾದ್ಯಂತ ಶೇ 37.8 ಮತ ಬಂತು, ಎ.ಕೆ. ಪಕ್ಷಕ್ಕೆ ಶೇ 35.5. ಹುಟ್ಟಿದಾಗಿನಿಂದ ಎ.ಕೆ. ಪಕ್ಷ ಎರಡನೇ ಸ್ಥಾನಕ್ಕೆ ಇಳಿದದ್ದು ಅದೇ ಮೊದಲು. ಇಸ್ತಾಂಬುಲ್‌ನಲ್ಲಿ ಇಮಾಮೊಗ್ಲುಗೆ ಶೇ 51. ಕುರ್ದಿಶ್ ಪಕ್ಷದ ಅಭ್ಯರ್ಥಿಗೆ ಸುಮಾರು ಶೇ 2, ಇಯಿ ಅಭ್ಯರ್ಥಿಗೆ ಶೇ 1 ಕೂಡ ಇಲ್ಲ.

ಅಂದರೆ ನಾಯಕರು ಬೇರೆಯಾದರೂ ಮತದಾರರು ಒಂದಾದರು. ಮೇಜು, ಒಪ್ಪಂದ, ಏಳು ಉಪಾಧ್ಯಕ್ಷರು ಯಾವುದೂ ಬೇಕಾಗಲಿಲ್ಲ. ಗೆಲ್ಲುವವರು ಯಾರು ಎಂದು ಜನರೇ ನೋಡಿ ಆ ಕಡೆ ಹೋದರು. ಆಡಳಿತ ಪಕ್ಷದ ಕಡೆಯ ಕಾರಣಗಳೂ ಇದ್ದವು. ಪಿಂಚಣಿ ಸಾಲದೆ ಬೇಸತ್ತ ಹಿರಿಯರು ಮನೆಯಲ್ಲೇ ಉಳಿದರು. ಹಿಂದೆ ಎರ್ಡೊಗನ್ ಜೊತೆಗಿದ್ದ ಒಂದು ಧಾರ್ಮಿಕ ಪಕ್ಷ ಬೇರೆ ನಿಂತು ಶೇ 6 ಮತ ತೆಗೆದುಕೊಂಡಿತು.

ಗುರಿ ಈಗ ಅಭ್ಯರ್ಥಿ

ಇಲ್ಲಿಂದ ಸರ್ಕಾರದ ಕಡೆಯಿಂದ ಯೋಚಿಸಿ ನೋಡಿ. ಮೈತ್ರಿಯನ್ನು ಒಡೆಯುವುದು ಸುಲಭ, ಅದಾಗಲೇ ಒಡೆದಿತ್ತು. ಆದರೆ ಮತದಾರರೇ ಒಬ್ಬರ ಸುತ್ತ ಸೇರಿಕೊಂಡರೆ ಒಡೆಯಲು ಒಪ್ಪಂದವೇ ಇಲ್ಲ. ಆ ಒಬ್ಬರನ್ನು ತೆಗೆಯುವುದೊಂದೇ ದಾರಿ.

ಪದವಿಯ ಪ್ರಶ್ನೆ ಬರುವುದು ಇಲ್ಲೇ. ವಿಚಾರಣಾ ಕೈದಿ ಅಧ್ಯಕ್ಷ ಚುನಾವಣೆಗೆ ನಿಲ್ಲಬಹುದು, ದೆಮಿರ್ತಾಶ್ ನಿಂತಿದ್ದರು. ಆದರೆ ಸಂವಿಧಾನದ ಪ್ರಕಾರ ಅಭ್ಯರ್ಥಿಗೆ ಉನ್ನತ ಶಿಕ್ಷಣದ ಪದವಿ ಇರಲೇಬೇಕು. ಇಮಾಮೊಗ್ಲು 1990ರಲ್ಲಿ ಉತ್ತರ ಸೈಪ್ರಸ್‌ನ ಒಂದು ವಿಶ್ವವಿದ್ಯಾಲಯದಿಂದ ಇಸ್ತಾಂಬುಲ್‌ಗೆ ವರ್ಗವಾಗಿ ಬಂದಿದ್ದರು. ಆ ವರ್ಗಾವಣೆ ನಿಯಮದ ಪ್ರಕಾರ ಇರಲಿಲ್ಲ ಎಂಬುದು ವಿಶ್ವವಿದ್ಯಾಲಯ ಕೊಟ್ಟ ಕಾರಣ. ಜೈಲು ಅವರನ್ನು ಜನರಿಂದ ದೂರ ಇಡುತ್ತದೆ, ಪದವಿ ರದ್ದತಿ ಮತಪತ್ರದಿಂದಲೇ ದೂರ ಇಡುತ್ತದೆ. ಎರಡೂ ಒಂದೇ ವಾರದಲ್ಲಿ ಬಂದದ್ದು ಕಾಕತಾಳೀಯ ಎಂದು ನಂಬುವುದು ನನಗೆ ಕಷ್ಟ.

ಸರ್ಕಾರ ಹೇಳುವುದು ಬೇರೆ. ಇದು ಪಾಲಿಕೆಯ ಭ್ರಷ್ಟಾಚಾರದ ಪ್ರಕರಣ, ನ್ಯಾಯಾಂಗ ಸ್ವತಂತ್ರ, ಕಾನೂನಿಗಿಂತ ಯಾರೂ ದೊಡ್ಡವರಲ್ಲ ಎಂಬುದು ಅದರ ನಿಲುವು. 2025ರ ನವೆಂಬರ್‌ನಲ್ಲಿ ಸಲ್ಲಿಸಿದ ಆರೋಪಪಟ್ಟಿ ಮೂರು ಸಾವಿರ ಪುಟ ದಾಟುತ್ತದೆ. ಆರೋಪಿಗಳು 402 ಜನ. ಇಮಾಮೊಗ್ಲುಗೆ ಕೇಳಿದ ಶಿಕ್ಷೆ ಒಟ್ಟು ಎರಡು ಸಾವಿರ ವರ್ಷಕ್ಕೂ ಹೆಚ್ಚು. ಅವರು ಎಲ್ಲ ಆರೋಪ ನಿರಾಕರಿಸಿದ್ದಾರೆ. ಇದು ಮತಪೆಟ್ಟಿಗೆಯ ವಿರುದ್ಧ ನಡೆದ ದಂಗೆ ಎಂಬುದು ಸಿ.ಎಚ್.ಪಿ. ಮಾತು. ಪಾಲಿಕೆಯಲ್ಲಿ ಒಂದು ರೂಪಾಯಿಯೂ ತಪ್ಪಾಗಿಲ್ಲ ಎಂದು ಹೊರಗಿನಿಂದ ಯಾರೂ ಪ್ರಮಾಣ ಮಾಡಲಾಗದು. ಆದರೆ ತನಿಖೆಗಳ ದೊಡ್ಡ ಭಾರ ಬಿದ್ದಿರುವುದು ವಿರೋಧ ಪಕ್ಷದ ಪಾಲಿಕೆಗಳ ಮೇಲೆ ಎಂಬುದು ಕಣ್ಣಿಗೆ ಕಾಣುತ್ತದೆ.

ಈ ಏಟಿಗೆ ಸಿ.ಎಚ್.ಪಿ. ಕೊಟ್ಟ ಉತ್ತರ 2023ರ ತಪ್ಪನ್ನು ತಿದ್ದಿಕೊಂಡಂತಿತ್ತು. ಮಾರ್ಚ್ 23ಕ್ಕೆ ಪಕ್ಷದೊಳಗಿನ ಮತದಾನ ಮೊದಲೇ ನಿಗದಿಯಾಗಿತ್ತು. ಬಂಧನ ಆದ ಮೇಲೆ ಸದಸ್ಯರ ಪೆಟ್ಟಿಗೆಯ ಪಕ್ಕದಲ್ಲಿ 'ಜೊತೆಗಿದ್ದೇವೆ' ಅನ್ನುವ ಇನ್ನೊಂದು ಪೆಟ್ಟಿಗೆ ಇಟ್ಟರು. ಸದಸ್ಯರಲ್ಲದವರೂ ಹಾಕಬಹುದಿತ್ತು. ಚೀಟಿಯಲ್ಲಿ ಇದ್ದದ್ದು ಒಂದೇ ಹೆಸರು, ಆರಿಸಲು ಬೇರೆ ಯಾರೂ ಇರಲಿಲ್ಲ. ಆದರೂ ಜನ ಸಾಲು ನಿಂತರು. ಪಕ್ಷದ ಲೆಕ್ಕದಲ್ಲಿ ಬಿದ್ದ ಮತ ಸುಮಾರು ಒಂದೂವರೆ ಕೋಟಿ. ಪಕ್ಷದ ಸದಸ್ಯರ ಸಂಖ್ಯೆ ಇಪ್ಪತ್ತು ಲಕ್ಷವೂ ಇಲ್ಲ.

ಇಷ್ಟು ಬೇಗ ಅಭ್ಯರ್ಥಿ ಯಾಕೆ ಎಂಬ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಹೆಸರು ಕೊನೆಗೆ ಹೇಳಿದರೆ ಜಗಳ ಕೊನೆಗೆ ಬರುತ್ತದೆ ಎಂಬುದನ್ನು 2023 ಕಲಿಸಿತ್ತು. ಹೆಸರು ಮೊದಲೇ ಹೇಳಿದರೆ ಏಟು ಮೊದಲೇ ಬೀಳುತ್ತದೆ ಎಂಬುದು 2025ರಲ್ಲಿ ಗೊತ್ತಾಯಿತು.

ಈ ದಾರಿ ಎರ್ಡೊಗನ್‌ಗೆ ಚೆನ್ನಾಗಿ ಗೊತ್ತು. ಅವರೂ ಇಸ್ತಾಂಬುಲ್ ಮೇಯರ್ ಆಗಿದ್ದವರು. ಸಭೆಯೊಂದರಲ್ಲಿ ಪದ್ಯ ಓದಿದ್ದಕ್ಕೆ 1999ರಲ್ಲಿ ನಾಲ್ಕು ತಿಂಗಳು ಜೈಲಿನಲ್ಲಿದ್ದರು. ರಾಜಕೀಯ ನಿಷೇಧವೂ ಇತ್ತು. 2002ರಲ್ಲಿ ಅವರ ಪಕ್ಷ ಗೆದ್ದಾಗ ಅವರೇ ಸಂಸತ್ತಿಗೆ ಹೋಗುವಂತಿರಲಿಲ್ಲ. ಆಗ ಸಂವಿಧಾನ ತಿದ್ದಲು ಕೈಜೋಡಿಸಿದ್ದು ಇದೇ ಸಿ.ಎಚ್.ಪಿ.

ಮುಂದೆ ಏನಾಗಬಹುದು

ಎರ್ಡೊಗನ್‌ಗೂ ಒಂದು ತೊಡಕಿದೆ. ಸಂವಿಧಾನದಲ್ಲಿ ಅಧ್ಯಕ್ಷರಿಗೆ ಎರಡೇ ಅವಧಿ. 2028ರ ತನಕ ಕಾದರೆ ಅವರು ಮತ್ತೆ ನಿಲ್ಲುವಂತಿಲ್ಲ. ಎರಡನೇ ಅವಧಿಯಲ್ಲಿ ಸಂಸತ್ತೇ ಅವಧಿಗೆ ಮುನ್ನ ಚುನಾವಣೆ ಕರೆದರೆ ಮಾತ್ರ ಇನ್ನೊಂದು ಅವಕಾಶ ಸಿಗುತ್ತದೆ. ಅದಕ್ಕೆ 600ರಲ್ಲಿ 360 ಮತ ಬೇಕು. ಸಂವಿಧಾನ ತಿದ್ದುಪಡಿಯನ್ನು ಜನಮತಗಣನೆಗೆ ಒಯ್ಯಲೂ ಅಷ್ಟೇ ಬೇಕು. 2023ರಲ್ಲಿ ಅವರ ಮೈತ್ರಿಗೆ ಬಂದದ್ದು 323 ಸ್ಥಾನ. ಕುರ್ದಿಶ್ ಪಕ್ಷಕ್ಕೆ 61.

ಆದ್ದರಿಂದ ಕುರ್ದಿಶ್ ಪಕ್ಷ ಈಗ ಎರಡೂ ಕಡೆಗೆ ಬೇಕಾದ ಪಕ್ಷ. 2025ರ ಫೆಬ್ರವರಿಯಲ್ಲಿ ಜೈಲಿನಲ್ಲಿರುವ ಅಬ್ದುಲ್ಲಾ ಓಜಲಾನ್ ತಮ್ಮ ಪಿ.ಕೆ.ಕೆ. ಸಂಘಟನೆ ಆಯುಧ ಬಿಡಬೇಕೆಂದು ಕರೆ ಕೊಟ್ಟರು. ಮೇ ತಿಂಗಳಲ್ಲಿ ಸಂಘಟನೆ ವಿಸರ್ಜನೆ ಘೋಷಿಸಿತು. ಜುಲೈನಲ್ಲಿ ಇರಾಕ್‌ನ ಉತ್ತರದ ಬೆಟ್ಟಗಳಲ್ಲಿ ಅದರ ಒಂದು ಗುಂಪು ಬಂದೂಕುಗಳನ್ನು ದೊಡ್ಡ ಬಾಣಲೆಯಂಥ ಪಾತ್ರೆಗೆ ಹಾಕಿ ಸುಟ್ಟಿತು. ನಾಲ್ಕು ದಶಕದಲ್ಲಿ 40 ಸಾವಿರ ಜೀವ ತೆಗೆದ ಜಗಳ ಅದು. ಅದು ಮುಗಿಯುವುದಾದರೆ ಸರ್ಕಾರದ ಜೊತೆ ಮಾತಾಡಬೇಡಿ ಎಂದು ಕುರ್ದರಿಗೆ ಹೇಳುವ ಹಕ್ಕು ಯಾರಿಗಿದೆ? ಆದರೆ ಆ ಮಾತುಕತೆಯ ಬೆಲೆಯಾಗಿ 360ರ ಲೆಕ್ಕ ತುಂಬಿದರೆ ಇಸ್ತಾಂಬುಲ್‌ನ ಕುರ್ದಿಶ್ ಮತದಾರರು 2019ರಿಂದ ಕಟ್ಟಿಕೊಂಡು ಬಂದದ್ದು ಸಡಿಲವಾಗುತ್ತದೆ.

ಸಿ.ಎಚ್.ಪಿ. ಮುಂದೆ ಇನ್ನೊಂದು ಕಷ್ಟ. ಪದವಿ ವಾಪಸ್ ಬರದಿದ್ದರೆ ಇಮಾಮೊಗ್ಲು ಬದಲು ಯಾರು? ಮೊದಲು ಕೇಳಿಬರುವ ಹೆಸರು ಮನ್ಸೂರ್ ಯವಾಶ್. 2024ರಲ್ಲಿ ಅಂಕಾರಾದಲ್ಲಿ ಶೇ 60 ಮತ ಪಡೆದವರು. ಆದರೆ ಅವರು ರಾಜಕೀಯಕ್ಕೆ ಬಂದದ್ದು ಎಂ.ಎಚ್.ಪಿ. ಮೂಲಕ. ರಾಷ್ಟ್ರವಾದಿಗಳನ್ನು ಸೆಳೆಯುವ ಆ ಹಿನ್ನೆಲೆಯೇ ಕುರ್ದರನ್ನು ಹಿಂಜರಿಯುವಂತೆ ಮಾಡುತ್ತದೆ. ಇಬ್ಬರೂ ಒಪ್ಪುವ ಹೆಸರು ಈಗ ಇರುವುದು ಒಂದೇ. ಆ ಹೆಸರು ಸಿಲಿವ್ರಿ ಜೈಲಿನ ಕೋಣೆಯೊಂದರಲ್ಲಿದೆ.